ಅಯಸ್ಕಾಂತಕ್ಕೇನು ಗೊತ್ತು ಬೀಟೆಯ ಬಣ್ಣ

ಹಾಡು ಕೇಳುವವರಲ್ಲಿ ಬೇಸ್ ಗಿಟಾರನ್ನು ಕೇಳಿಸಿಕೊಳ್ಳುವವರು ಎಷ್ಟು ಮಂದಿ ಎಂದು ಹುಡುಕಹೊರಟರೆ ನಿರಾಸೆ ಖಂಡಿತ. ಜನ ಗಾಯಕನನ್ನು ಕೇಳುತ್ತಾರೆ, ಕೊಳಲಿಗೆ ಕಣ್ಣು ಮುಚ್ಚುತ್ತಾರೆ, ತಬಲಾಕ್ಕೆ ತೊಡೆ ತಟ್ಟುತ್ತಾರೆ. ವೇದಿಕೆಯ ಹಿಂಬದಿಯಲ್ಲಿ ಡ್ರಮ್ಸ್‌ನ ಮಗ್ಗುಲಿಗೆ ನಿಂತು ನಾಲ್ಕು ದಪ್ಪ ತಂತಿಗಳನ್ನು ಮೀಟುತ್ತಿರುವ ಆಸಾಮಿಯನ್ನು, ಅವನ ತಾಯಿ ಸಭೆಯಲ್ಲಿದ್ದರೆ, ಆಕೆ ನೋಡುತ್ತಾಳೆ. ಅವನು ನುಡಿಸುವುದನ್ನು ನಿಲ್ಲಿಸಿದಾಗ ಮಾತ್ರ ಎಲ್ಲರಿಗೂ ಏನೋ ಕಡಿಮೆಯಾದಂತೆ ಅನಿಸುತ್ತದೆ. ಏನೆಂದು ಹೇಳಲು ಬಾರದು. 1981ರ ‘ಗೀತಾ’ ಚಿತ್ರದ ಹಾಡುಗಳನ್ನು ನಮ್ಮ ತಲೆಮಾರಿನವರು ಕಂಠಪಾಠ ಮಾಡಿಕೊಂಡವರೇ. ಆ ಹಾಡುಗಳ ಅಡಿಯಲ್ಲಿ ಇಳಯರಾಜ ಇನ್ನೊಂದು ಹಾಡನ್ನೇ ಹರಿಯಬಿಟ್ಟಿದ್ದಾರೆಂದು ನನಗೆ ತೋರಿಸಿಕೊಟ್ಟವನು ಅಕ್ಕನ ಮಗ. ಹಾಡಿನ ಬಾಯಿ ಮುಚ್ಚಿ ಬೇರನ್ನು ಕೇಳುವ ಅಭ್ಯಾಸ ಅವನಿಗೆ ಹೈಸ್ಕೂಲಿನಿಂದಲೇ ಇತ್ತು.

ಆ ಹುಡುಗ ಈಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಎಲ್ಲರಂತೆ ಅವನೂ ಅಲ್ಲಿ ಕಂಪ್ಯೂಟರಿಗೆ ಕೆಲಸ ಹೇಳುವ ಕೆಲಸದಲ್ಲಿದ್ದಾನೆ. ಹೋದ ವರ್ಷ ಒಂದು ರಾತ್ರಿ ಫೋನ್ ಮಾಡಿ, “ಮಾವ, ಒಂದು ಬೇಸ್ ಮಾಡಿಸ್ತಾ ಇದೀನಿ” ಅಂದ. ಕೊಳ್ಳುತ್ತಿದ್ದೇನೆ ಎನ್ನಲಿಲ್ಲ, ಮಾಡಿಸುತ್ತಿದ್ದೇನೆ ಅಂದ. ನಮ್ಮ ಕಡೆ ಆ ಕ್ರಿಯಾಪದ ಮೂಗುತಿಗೆ, ಪಲ್ಲಕ್ಕಿಗೆ, ಹೆಚ್ಚೆಂದರೆ ಮನೆಯ ಮುಂಬಾಗಿಲಿಗೆ ಸಲ್ಲುತ್ತದೆ. ಅದೇ ದಿನಗಳಲ್ಲಿ ಅಕ್ಕ ಅವನಿಗೆ ಹುಡುಗಿಯರ ಫೋಟೋ ಕಳಿಸುತ್ತಿದ್ದಳು. ಅವನು ಉತ್ತರವಾಗಿ ನನಗೆ ಹಲಗೆಗಳ ಫೋಟೋ ಕಳಿಸುತ್ತಿದ್ದ. ಎರಡೂ ಕಡೆಯ ಚಿತ್ರಗಳಿಗೆ ಅಭಿಪ್ರಾಯ ಹೇಳುವ ಹೊಣೆ ನನ್ನ ಪಾಲಿಗೆ ಬಂತು.

ಹಲಗೆಗಳು ಚೆಂದವಿದ್ದವು, ಸುಳ್ಳು ಹೇಳಬಾರದು. ಪರ್ಪಲ್‌ಹಾರ್ಟ್ ಎಂಬ ದಕ್ಷಿಣ ಅಮೆರಿಕದ ಮರವಂತೆ. ಕೊಯ್ದಾಗ ಮಂಕು ಕಂದು, ಗಾಳಿ ಬೆಳಕು ಸೋಕುತ್ತಾ ಹೋದಂತೆ ನೇರಳೆಗೆ ತಿರುಗುತ್ತದೆ, ಮತ್ತೆ ವರ್ಷಗಳು ಕಳೆದಂತೆ ನಿಧಾನವಾಗಿ ಕಂದಿಗೇ ಮರಳುತ್ತದೆ. ನಡುವಯಸ್ಸಿನಲ್ಲಿ ಮಾತ್ರ ವೈಭವ. ಆಫ್ರಿಕಾದ ಜೀಬ್ರಾವುಡ್ ಮೈತುಂಬ ಪಟ್ಟೆ ಬಳಿದುಕೊಂಡಿರುತ್ತದೆ, ಆದರೆ ಗರಗಸ ಹಾಕಿದರೆ ಕಾರ್ಖಾನೆಯವರು ಮೂಗು ಮುಚ್ಚಿಕೊಳ್ಳುವಷ್ಟು ನಾರುತ್ತದೆ. ಮಧ್ಯ ಅಮೆರಿಕದ ಕೊಕೊಬೋಲೊ ಕೆಂಡದಂಥ ಬಣ್ಣದ್ದು; ಅದರ ಹುಡಿ ಮೈಗೆ ತಾಗಿದರೆ ಕೆಲವರಿಗೆ ತುರಿಕೆಯೇಳುತ್ತದೆ. ಇಷ್ಟಾದರೂ ಅದನ್ನು ಬಿಟ್ಟವರಿಲ್ಲ. ಮೇಪಲ್‌ನಲ್ಲಂತೂ ಹಕ್ಕಿಗಣ್ಣು, ಜ್ವಾಲೆ, ಕೌದಿ ಎಂದು ನಮೂನೆಗಳೇ ಬೇರೆ. ಒಂದೇ ಹಲಗೆಯನ್ನು ಉದ್ದಕ್ಕೆ ಸೀಳಿ ಪುಸ್ತಕದಂತೆ ಬಿಡಿಸಿ ಅಂಟಿಸಿದರೆ ಎಡಬಲಗಳು ಒಂದಕ್ಕೊಂದು ಕನ್ನಡಿಯಾಗುತ್ತವೆ. ವಾದ್ಯ ಮಾಡುವವನು ಹಲಗೆಯನ್ನು ಒದ್ದೆ ಮಾಡಿ, ಪಾಲಿಶ್ ಬಿದ್ದ ಮೇಲೆ ಹೇಗೆ ಕಂಡೀತು ಎಂದು ನೋಡುತ್ತಾನೆ. ಒಂದು ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ತೂಗಾಡಿಸಿ, ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಾನೆ. ಒಂದು ವಿಡಿಯೋದಲ್ಲಿ ಅದನ್ನು ನೋಡಿ ನನಗೆ ನಮ್ಮೂರ ಆಚಾರ್ರು ಕಣ್ಣಮುಂದೆ ಬಂದರು. ಅವರೂ ಹಲಸಿನ ದಿಮ್ಮಿಯನ್ನು ಹಾಗೆಯೇ ತಟ್ಟಿ, ಉತ್ತರ ಬಂದವರಂತೆ ತಲೆಯಾಡಿಸಿ, ಆಮೇಲೆ ಮನೆಯವರು ಹೇಳಿದ ದಿಮ್ಮಿಯನ್ನೇ ಕೊಯ್ಯುತ್ತಿದ್ದರು.

ಈ ಮರದ ಹುಚ್ಚಿಗೆ ಕ್ಯಾಲಿಫೋರ್ನಿಯಾ ಸೀಮೆಯಲ್ಲಿ ಒಂದು ಪರಂಪರೆಯೇ ಇದೆ. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ಉದ್ದಗೂದಲಿನ ಕಾಲದಲ್ಲಿ ಶುರುವಾದದ್ದು ಅಲೆಂಬಿಕ್ ಎಂಬ ಕಂಪನಿ. ಜೆಫರ್ಸನ್ ಏರ್‌ಪ್ಲೇನ್ ತಂಡದ ಜಾಕ್ ಕ್ಯಾಸಡಿಗಾಗಿ 1972ರಲ್ಲಿ ಅವರು ಮಾಡಿಕೊಟ್ಟ ಬೇಸ್‌ನಿಂದ ಇಂಥ ವಾದ್ಯಗಳ ವಂಶಾವಳಿಯನ್ನು ಬರೆಯಲು ಕೂರುವವರುಂಟು. ಬೇರೆ ಬೇರೆ ಮರಗಳ ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡುವ ಆ ಮೈಗೆ ‘ಹಿಪ್ಪಿ ಸ್ಯಾಂಡ್‌ವಿಚ್’ ಎಂದು ಅಡ್ಡಹೆಸರು ಬಿತ್ತು. ಅಲ್ಲಿ ಕೆಲಸ ಮಾಡಿ ಹೊರಬಂದ ಡಗ್ ಇರ್ವಿನ್, ಗ್ರೇಟ್‌ಫುಲ್ ಡೆಡ್ ತಂಡದ ಜೆರ್ರಿ ಗಾರ್ಸಿಯಾಗೆ ‘ಟೈಗರ್’ ಎಂಬ ಗಿಟಾರನ್ನು ವರ್ಷಗಟ್ಟಲೆ ಕೂತು ಮಾಡಿದ. ಮುಖಕ್ಕೆ ಕೊಕೊಬೋಲೊ, ತೂಕ ಸುಮಾರು ಆರು ಕಿಲೋ. 1979ರಿಂದ ಗಾರ್ಸಿಯಾ ಆ ಹುಲಿಯನ್ನು ಹೆಗಲಿಗೆ ಹಾಕಿಕೊಂಡು ನಿಂತ. 1995ರಲ್ಲಿ ತೀರಿಕೊಂಡಾಗ, ಇರ್ವಿನ್ ಮಾಡಿದ ಗಿಟಾರುಗಳು ಇರ್ವಿನ್‌ಗೇ ಸೇರಲಿ ಎಂದು ಉಯಿಲಿನಲ್ಲಿ ಬರೆದಿಟ್ಟಿದ್ದ. ತಂಡದವರು ಅವು ತಂಡದ್ದೆಂದರು. ವ್ಯಾಜ್ಯ ನಡೆದು ರಾಜಿಯಾಗಿ ಎರಡು ಗಿಟಾರುಗಳು ಇರ್ವಿನ್ ಕೈಗೆ ಮರಳಿದವು. ಅಷ್ಟರಲ್ಲಿ ಅಪಘಾತ, ಬಡತನ ಎರಡನ್ನೂ ಕಂಡಿದ್ದ ಮನುಷ್ಯ ಅವನು, 2002ರಲ್ಲಿ ಹರಾಜಿಗಿಟ್ಟ. ಟೈಗರ್ 9,57,500 ಡಾಲರಿಗೆ ಹೋಯಿತು. ಮಾಡಿದವನಿಗೆ ವಾಪಸು ಕೊಡಬೇಕೆಂದು ಸಾಯುವ ಮುನ್ನ ಅನಿಸಿತಲ್ಲ ಗಾರ್ಸಿಯಾಗೆ, ಆ ಮಾತು ನನಗೆ ಅವನ ಯಾವ ಹಾಡಿಗಿಂತಲೂ ಇಷ್ಟ. ಅವನ ಹಾಡುಗಳನ್ನು ನಾನು ಹೆಚ್ಚು ಕೇಳಿಲ್ಲ ಎಂಬುದೂ ನಿಜವೇ.

ಇನ್ನು ಇದರ ತಮಾಷೆಯನ್ನು ಹೇಳಬೇಕು. ವೀಣೆಗೆ ಹಲಸು ಯಾಕೆ ಎಂದರೆ ಕಾರಣವಿದೆ. ಕೊಡ ಅನುರಣಿಸಬೇಕು, ಮರ ಹಾಡಬೇಕು. ಎಲೆಕ್ಟ್ರಿಕ್ ಗಿಟಾರಿನ ಕಥೆ ಹಾಗಲ್ಲ. ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ಸುರುಳಿ. ಉಕ್ಕಿನ ತಂತಿ ಅಲ್ಲಾಡಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ, ಅದು ಸ್ಪೀಕರಿಗೆ ಹೋಗಿ ಶಬ್ದವಾಗುತ್ತದೆ. ಅಯಸ್ಕಾಂತ ಕೇಳುವುದು ಉಕ್ಕನ್ನು ಮಾತ್ರ. ಪಕ್ಕದಲ್ಲಿ ನೇರಳೆ ಬಣ್ಣದ ಮಹಾರಾಣಿ ಕೂತಿದ್ದಾಳೋ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಕೂತಿದೆಯೋ ಅದಕ್ಕೆ ಗೊತ್ತಿಲ್ಲ. 1932ರಲ್ಲಿ ಮಾರಾಟಕ್ಕೆ ಬಂದ ಬಾಣಲೆಯಾಕಾರದ ರಿಕನ್‌ಬ್ಯಾಕರ್ ಗಿಟಾರಿಗೆ ಮೈಯೇ ಅಲ್ಯೂಮಿನಿಯಂ ಎರಕದ್ದು. 1941ರ ಹೊತ್ತಿಗೆ ಗಿಟಾರ್ ವಾದಕ ಲೆಸ್ ಪಾಲ್ ಒಂದು ಪೈನ್ ಮರದ ತೊಲೆಗೇ ತಂತಿ ಬಿಗಿದು ನುಡಿಸಿದ. ಜನ ಕ್ಯಾರೇ ಅನ್ನಲಿಲ್ಲ. ಅದೇ ತೊಲೆಯ ಎರಡೂ ಮಗ್ಗುಲಿಗೆ ಹಳೇ ಗಿಟಾರಿನ ಹೊಟ್ಟೆಯನ್ನು ಕೊಯ್ದು ಸಿಕ್ಕಿಸಿಕೊಂಡು ಹೋದ. ಚಪ್ಪಾಳೆ ಬಿತ್ತು. ಸಂಗೀತವನ್ನು ಜನ ಕಣ್ಣಿನಿಂದಲೂ ಕೇಳುತ್ತಾರೆಂದು ಆತ ಅಂದೇ ತಿಳಿದ. 1951ರಲ್ಲಿ ಪ್ರಿಸಿಶನ್ ಬೇಸ್ ಎಂಬ ವಾದ್ಯವನ್ನು ಲೋಕಕ್ಕೆ ಕೊಟ್ಟ ಲಿಯೋ ಫೆಂಡರ್ ರೇಡಿಯೋ ರಿಪೇರಿಯವನು, ಜೀವಮಾನವಿಡೀ ಗಿಟಾರ್ ನುಡಿಸಲು ಕಲಿಯಲೇ ಇಲ್ಲ.

ಹಾಗಿದ್ದರೆ ಮರದಿಂದ ನಾದಕ್ಕೆ ಏನೂ ವ್ಯತ್ಯಾಸವಿಲ್ಲವೇ? ಈ ಪ್ರಶ್ನೆ ಕೇಳಿದರೆ ಗಿಟಾರಿನವರ ನಡುವೆ ದ್ವೈತಾದ್ವೈತಗಳ ವಾದ ಏಳುತ್ತದೆ. ತಂತಿ ಕಟ್ಟಿರುವುದು ಮರಕ್ಕಲ್ಲವೇ, ಮರದ ಗಡಸುತನ ತಂತಿಯ ಅಲುಗಾಟವನ್ನು ಕಿಂಚಿತ್ತಾದರೂ ತಿದ್ದಬೇಕಲ್ಲವೇ ಎಂದು ಒಂದು ಪಕ್ಷ. ತಿದ್ದಿದರೂ ಡ್ರಮ್ಸ್ ನಡುವೆ ಅದನ್ನು ಹೆಕ್ಕಿ ತೆಗೆಯುವ ಕಿವಿ ಯಾವ ತಾಯಿಯ ಮಗನಿಗಿದೆ ಎಂದು ಇನ್ನೊಂದು ಪಕ್ಷ. ನಾನು ಎರಡನೆಯ ಪಕ್ಷದವನು. ಆದರೆ ಯಾರೂ ಕೇಳಿಸಿಕೊಳ್ಳದ ವಾದ್ಯಕ್ಕೆ, ನಾದಕ್ಕೆ ಬಹುಶಃ ಬೇಕಿಲ್ಲದ ಮರವನ್ನು, ಮನುಷ್ಯನೊಬ್ಬ ತಿಂಗಳುಗಟ್ಟಲೆ ಹುಡುಕುತ್ತಾನಲ್ಲ, ಅವನ ಎದುರು ವಾದ ಗೆಲ್ಲುವುದಕ್ಕೆ ಮನಸ್ಸು ಬರುವುದಿಲ್ಲ.

ಹುಡುಗನ ಬೇಸ್‌ಗೆ ಮೈಯೆಲ್ಲ ಆಯಿತು. ಕೊನೆಗೆ ಉಳಿದದ್ದು ಫಿಂಗರ್‌ಬೋರ್ಡ್, ಬೆರಳು ಓಡಾಡುವ ಪಟ್ಟಿ. ಮಾಡುವವನು ಎಬನಿ ಹಾಕೋಣ ಎಂದನಂತೆ, ಜಿರಿಕೋಟೆ ಎಂಬ ಮರ ತೋರಿಸಿದನಂತೆ. ಇವನು ಬೇಡವೆಂದು ಭಾರತದ ರೋಸ್‌ವುಡ್ ಕೇಳಿದ. ಅಂದರೆ ನಮ್ಮ ಬೀಟೆ. ಅಂಥ ಅಪರೂಪಗಳ ನಡುವೆ ಅದು ಅಂಗಡಿಯಲ್ಲಿ ದಿನಾ ಸಿಗುವ ಸಾಮಾನು. ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ, 1969ರಲ್ಲಿ ಮಾರ್ಟಿನ್ ಕಂಪನಿ ತನ್ನ ಗಿಟಾರುಗಳಿಗೆ ನಮ್ಮ ದೇಶದ ಬೀಟೆಯತ್ತ ಹೊರಳಿತು. ಅಲ್ಲಿಂದ ಲೋಕದ ಗಿಟಾರುಗಳ ಮೇಲೆ ಬೀಟೆ ಸದ್ದಿಲ್ಲದೆ ಕೂತಿದೆ. ಕೆಲವೊಮ್ಮೆ ಸದ್ದು ಮಾಡಿದ್ದೂ ಉಂಟು. 2011ರಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಗಿಟಾರ್ ಕಾರ್ಖಾನೆಗಳಿಗೆ ನುಗ್ಗಿ ಭಾರತದಿಂದ ಹೋದ ಬೀಟೆ, ಎಬನಿ ಪಟ್ಟಿಗಳನ್ನು ಜಪ್ತಿ ಮಾಡಿದ್ದರು. ನಮ್ಮ ರಫ್ತು ಕಾನೂನಿನ ಪ್ರಕಾರ ಅವು ಸಿದ್ಧ ವಸ್ತುವೋ ಬರೀ ಕೊಯ್ದ ಮರವೋ ಎಂಬುದು ತಕರಾರು. 2017ರಿಂದ ಬೀಟೆಯ ಕುಲದ ಮರಗಳೆಲ್ಲ ಅಂತಾರಾಷ್ಟ್ರೀಯ ವ್ಯಾಪಾರದ ಕಾವಲುಪಟ್ಟಿಗೆ ಸೇರಿ ಗಿಟಾರುಗಳಿಗೂ ಕಾಗದಪತ್ರ ಬೇಕಾಯಿತು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಬಂತು. ಅಂದಹಾಗೆ ಆ ಕೊಕೊಬೋಲೊ ಕೂಡ ಬೀಟೆಯ ದಾಯಾದಿ. ಗಾರ್ಸಿಯಾನ ಹುಲಿಗೂ ಅಕ್ಕನ ಹಿತ್ತಿಲಿಗೂ ದೂರದ ನೆಂಟಸ್ತಿಕೆ.

ಅಕ್ಕನ ಹಿತ್ತಿಲಲ್ಲಿ ಒಂದು ಬೀಟೆ ಮರವಿದೆ. ನೆಟ್ಟವರಿಲ್ಲ, ತಾನಾಗಿ ಹುಟ್ಟಿದ್ದು. ಮಲೆನಾಡಿನಲ್ಲಿ ಬೀಟೆ ನಮ್ಮ ಜಾಗದಲ್ಲೇ ಬೆಳೆದರೂ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕೊಡಲಿ ಹಾಕುವಂತಿಲ್ಲ. ಭಾವ ಅದನ್ನು “ಸರ್ಕಾರದ ಮಗ, ಊಟ ಮಾತ್ರ ನಮ್ಮನೇಲಿ” ಎನ್ನುತ್ತಿದ್ದರು. ಆದರೂ ಪ್ರತಿ ದೀಪಾವಳಿಗೆ ಬಾಳೆನಾರು ಸುತ್ತಿ ಅದರ ಸುತ್ತಳತೆ ನೋಡಿ, ನಾರಿಗೆ ಗಂಟು ಹಾಕಿ ಎತ್ತಿಡುತ್ತಿದ್ದರು. ಅಪ್ಪಣೆ ಸಿಕ್ಕ ದಿನ ಒಂದು ಆರಾಮಕುರ್ಚಿ ಮಾಡಿಸುತ್ತೇನೆ, ನೀನೂ ಬಂದು ಕೂರುವೆಯಂತೆ ಎಂದು ನನಗೆ ಹೇಳುತ್ತಿದ್ದರು. ಅರ್ಜಿಯನ್ನು ಮಾತ್ರ ಹಾಕಲೇ ಇಲ್ಲ. ಹುಡುಗ ಪಿಯುಸಿಯಲ್ಲಿದ್ದಾಗ ಹೋಗಿಬಿಟ್ಟರು. ನಾರುಗಳು ಅಟ್ಟದಲ್ಲಿವೆ, ಯಾವುದು ಯಾವ ವರ್ಷದ್ದೆಂದು ಹೇಳಬಲ್ಲವರಿಲ್ಲ.

“ಬೀಟೇನೇ ಯಾಕೋ?” ಎಂದು ಕೇಳಿದೆ. “ಅದರ ಟೋನ್ ಸ್ವಲ್ಪ ಬೆಚ್ಚಗಿರತ್ತೆ ಮಾವ” ಅಂದ. ಎರಡನೆಯ ಪಕ್ಷದವನಾದ ನಾನು ಹೌದೆಂದೆ.

ವಾದ್ಯ ಕೈಗೆ ಬಂದ ದಿನ ವಿಡಿಯೋ ಕರೆ ಮಾಡಿದ. ಅಕ್ಕ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಕೂತಳು. ಐದು ತಂತಿಯ ಬೇಸ್; ತೀರಾ ಕೆಳಗಿನ ಸ್ವರ ಸೆಕೆಂಡಿಗೆ ಮೂವತ್ತೊಂದೇ ಕಂಪನ. ಫೋನಿನ ಕಾಳಿನಷ್ಟಿರುವ ಸ್ಪೀಕರಿಗೆ ಆ ಆಳ ನಿಲುಕುವುದುಂಟೇ? ಹುಡುಗ ಕಣ್ಣು ಮುಚ್ಚಿ ನುಡಿಸುತ್ತಲೇ ಇದ್ದ. ನಮಗೆ ಬೆರಳು ತಂತಿಗೆ ತಾಗುವ ಟಕ್ ಟಕ್ ಬಿಟ್ಟರೆ ಬೇರೇನೂ ಕೇಳಲಿಲ್ಲ. ಅಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

“ಈಗ ಕಾಣ್ತಾನೇ ಇಲ್ಲವಲ್ಲೋ!”

“ಅಮ್ಮಾ, ಕಿವಿಗಿಟ್ಕೊಂಡ್ರೆ ಹೇಗೆ ಕಾಣತ್ತೆ?”

ಅವಳು ಮತ್ತೆ ಎದುರಿಗೆ ಹಿಡಿದು, ಕನ್ನಡಕ ಏರಿಸಿ, ಆ ಕಪ್ಪುಗೆಂಪು ಪಟ್ಟಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ, ಅದು ಒಣಗುವುದಕ್ಕೆ ಬಿಡಬೇಡ, ಆಗಾಗ ಎಣ್ಣೆ ಕೈಯಾಡಿಸು ಎಂದಳು. ಅಲ್ಲಿ ಅದಕ್ಕೆಂದೇ ಬೇರೆ ಎಣ್ಣೆ ಸಿಗುತ್ತದೆ ಎಂದ ಅವನು. “ಸಿಕ್ಕಿದ್ರೆ ಒಳ್ಳೇದೇ. ಕೊಬ್ಬರಿ ಎಣ್ಣೆ ಮಾತ್ರ ಹಚ್ಚಬೇಡ ಮತ್ತೆ, ಮುಗ್ಗಲು ವಾಸನೆ ಬರತ್ತೆ,” ಎಂದು ಎದ್ದು ಹಾಲಿನ ಪಾತ್ರೆ ಇಳಿಸಲು ಒಳಗೆ ಹೋದಳು. ಹುಡುಗ ನನಗಾಗಿ ‘ಗೀತಾ’ದ ಬೇಸನ್ನು ಮೊದಲಿಂದ ಶುರು ಮಾಡಿದ.