ಬೇಲಿ ಹಾಕುವ ಮುನ್ನ ಒಂದು ಮಾತು

ಕಾಲೇಜು ಹುಡುಗರಿಗೆ ‘ಪ್ರಾಕ್ಸಿ’ ಎಂದರೆ ನೆನಪಾಗುವುದು ಹಾಜರಿ. ಬಾರದ ಗೆಳೆಯನ ಬದಲು ತಾನೇ ‘ಎಸ್ ಸಾರ್’ ಎನ್ನುವ ಆ ವಿದ್ಯೆ ಪಾಲಕರಿಗೂ ತಿಳಿಯದ್ದೇನಲ್ಲ. ಕಂಪ್ಯೂಟರಿನ ಪ್ರಾಕ್ಸಿಯೂ ಹೆಚ್ಚುಕಡಿಮೆ ಅದೇ, ನಮ್ಮ ಬದಲಿಗೆ ಇನ್ನೊಬ್ಬರು. ಆದರೆ ಅಲ್ಲಿ ಪ್ರಾಕ್ಸಿ ಇರುವುದು ಮೇಷ್ಟರ ಕಣ್ಣು ತಪ್ಪಿಸಲು. ಇಲ್ಲಿ ಅದೇ ಮೇಷ್ಟರ ಕಣ್ಣು!

ನಮ್ಮ ಶಾಲೆಯ ಕಚೇರಿಯಲ್ಲಾಗಲಿ, ಮಕ್ಕಳ ಕಂಪ್ಯೂಟರ್ ಕೊಠಡಿಯಲ್ಲಾಗಲಿ ಯಾವ ಕಂಪ್ಯೂಟರೂ ನೇರವಾಗಿ ಇಂಟರ್‌ನೆಟ್ಟಿಗೆ ಹೋಗುವಂತಿಲ್ಲ. ಚೀಟಿ ಬರೆದು ಅಂಗಡಿಗೆ ಆಳನ್ನು ಕಳಿಸಿದಂತೆ ಎಲ್ಲವನ್ನೂ ಪ್ರಾಕ್ಸಿಯ ಮೂಲಕವೇ ತರಿಸಬೇಕು. ಅದು ಚೀಟಿ ನೋಡಿ ತರುವಂಥದ್ದನ್ನು ತರುತ್ತದೆ, ಬೇಡದ್ದಕ್ಕೆ ಇಲ್ಲವೆನ್ನುತ್ತದೆ, ಯಾರು ಯಾವಾಗ ಏನು ಕೇಳಿದರೆಂದು ಬರೆದಿಡುತ್ತದೆ. ಏರ್ಪಾಟು ಹೊಸದೇನಲ್ಲ. ಜಿನೀವಾದ ಸರ್ನ್ ಸಂಸ್ಥೆಯ ವೆಬ್ ಸರ್ವರ್ 1994ರಲ್ಲೇ ಪ್ರಾಕ್ಸಿಯ ಕೆಲಸ ಮಾಡುತ್ತಿತ್ತು. ಒಬ್ಬರು ತರಿಸಿದ ಪುಟವನ್ನು ತೆಗೆದಿಟ್ಟು ಇನ್ನೊಬ್ಬರಿಗೂ ಕೊಟ್ಟು ಸಂಪರ್ಕದ ಖರ್ಚು ಉಳಿಸುವುದು ಆಗ ಅದರ ದೊಡ್ಡ ಉಪಯೋಗ.

ಹುಡುಗರು ಸುಮ್ಮನಿರುತ್ತಾರೆಯೇ? ಬ್ರೌಸರಿನ ಸೆಟ್ಟಿಂಗಿಗೆ ಹೋಗಿ ಪ್ರಾಕ್ಸಿಯನ್ನೇ ತೆಗೆದರು. ವಿಂಡೋಸಿನ ‘ಗ್ರೂಪ್ ಪಾಲಿಸಿ’ಯಿಂದ ಆ ಸೆಟ್ಟಿಂಗಿಗೆ ಬೀಗ ಹಾಕಿದ್ದಾಯಿತು. ಮರುವಾರವೇ ಒಬ್ಬ ಪೆನ್‌ಡ್ರೈವಿನಲ್ಲಿ ಬೇರೆ ಬ್ರೌಸರ್ ತಂದ. ನಾವು ಚಾಪೆಯ ಕೆಳಗೆ ನುಸುಳಿದರೆ ಅವರು ರಂಗೋಲಿಯ ಕೆಳಗೆ! ಕೊನೆಗೆ ಕಾವಲನ್ನು ಮೇಜಿನಿಂದ ಹೆಬ್ಬಾಗಿಲಿಗೆ ಒಯ್ದೆವು. ಪ್ರಾಕ್ಸಿಯೊಂದನ್ನು ಬಿಟ್ಟು ಬೇರಾವ ಯಂತ್ರಕ್ಕೂ ಫೈರ್‌ವಾಲ್ ಹೊರದಾರಿ ಕೊಡದಿದ್ದರೆ, ಸೆಟ್ಟಿಂಗ್ ಬದಲಿಸಿದವನಿಗೆ ಪುಟವೇ ತೆರೆಯುವುದಿಲ್ಲ.

ಬೇಲಿ ಗಟ್ಟಿಯಾಯಿತು. ತೊಂದರೆ ಶುರುವಾದದ್ದು ಆಮೇಲೆ.

ಹತ್ತನೆಯ ತರಗತಿಗೆ ನಾನು ಸಂತಾನೋತ್ಪತ್ತಿಯ ಪಾಠ ಮಾಡುತ್ತಿದ್ದ ದಿನಗಳವು. ವಿದ್ಯಾರ್ಥಿನಿಯೊಬ್ಬಳು ಆರೋಗ್ಯ ಮಾಹಿತಿಯ ತಾಣವೊಂದನ್ನು ತೆರೆಯಹೋದಳು. ಅದರ ಹೆಸರಿನಲ್ಲಿದ್ದ ಒಂದು ಪದ ಕಂಡು ಪ್ರಾಕ್ಸಿ ತಡೆಯಿತು. ತಿಂಗಳ ಕೊನೆಗೆ, ತಡೆದ ತಾಣ ಕೇಳಿದವರ ಹೆಸರುಗಳನ್ನು ಸೂಚನಾ ಫಲಕದಲ್ಲಿ ಹಾಕೋಣ, ಉಳಿದವರಿಗೂ ಬುದ್ಧಿ ಬರುತ್ತದೆ ಎಂಬ ಸಲಹೆ ಸಭೆಯಲ್ಲಿ ಬಂತು. ಪಟ್ಟಿಯಲ್ಲಿ ಅವಳ ಹೆಸರೂ ಇತ್ತು. ಪಾಠ ಮಾಡಿದವನು ನಾನು, ಪಾಠ ಓದಿದ್ದಕ್ಕೆ ಅವಳು ತಲೆತಗ್ಗಿಸಬೇಕೆ? ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಎಂದೆ. ಬಿಸಿಬಿಸಿ ಮಾತುಗಳಾದವು. ಪಟ್ಟಿ ಫಲಕಕ್ಕೆ ಹೋಗಲಿಲ್ಲ.

ಯಂತ್ರಕ್ಕೆ ಅಕ್ಷರ ಕಾಣುತ್ತದೆ, ಅರ್ಥ ಕಾಣುವುದಿಲ್ಲ. 1996ರಲ್ಲಿ ಇಂಗ್ಲೆಂಡಿನ ಸ್ಕಂತಾರ್ಪ್ ಊರಿನವರಿಗೆ ಅಮೆರಿಕ ಆನ್‌ಲೈನ್‌ನಲ್ಲಿ ಖಾತೆ ತೆರೆಯಲು ಆಗಲಿಲ್ಲ. ಊರ ಹೆಸರಿನ ನಡುವೆ ಅಲ್ಲಿನ ಸೋಸುವ ತಂತ್ರಾಂಶಕ್ಕೆ ಅಶ್ಲೀಲ ಪದವೊಂದು ಕಂಡಿತ್ತು! ಪ್ರಾಕ್ಸಿಯ ದಾಖಲೆಗೂ ಮಿತಿಯುಂಟು. ಇಂದಿನ ಬಹುತೇಕ ತಾಣಗಳು ಎಚ್‌ಟಿಟಿಪಿಎಸ್ ಬಳಸುತ್ತವೆ. ಸಂಸ್ಥೆ ತನ್ನದೇ ಪ್ರಮಾಣಪತ್ರ ಅಳವಡಿಸಿ ಬಿಚ್ಚಿ ನೋಡದ ಹೊರತು ಪ್ರಾಕ್ಸಿಗೆ ಕಾಣುವುದು ಲಕೋಟೆಯ ಮೇಲಿನ ವಿಳಾಸ, ಒಳಗಿನ ಕಾಗದವಲ್ಲ. ವಿಳಾಸ ನೋಡಿ ಮಕ್ಕಳ ನಡತೆ ಅಳೆಯುವುದನ್ನು ವಿಜ್ಞಾನದ ಮೇಷ್ಟರು ಒಪ್ಪಲಾರರು.

ಹಾಗೆಂದು ಬೇಲಿಯೇ ಬೇಡವೆನ್ನುವವನು ನಾನಲ್ಲ. ಹನ್ನೆರಡು ವರ್ಷದ ಮಗುವಿನ ಮುಂದೆ ಇಡೀ ಜಗತ್ತನ್ನು ತೆರೆದಿಟ್ಟು ಕೈತೊಳೆದುಕೊಳ್ಳುವುದೂ ಜವಾಬ್ದಾರಿಯಲ್ಲ. ಈಗ ನಮ್ಮಲ್ಲಿ ಪ್ರತಿ ಕಂಪ್ಯೂಟರಿನ ಪಕ್ಕದಲ್ಲೂ ಒಂದು ಹಾಳೆ ಅಂಟಿಸಿದೆ. ಏನನ್ನು ತಡೆಯಲಾಗಿದೆ, ಏನನ್ನು ದಾಖಲಿಸಲಾಗುತ್ತದೆ, ತಪ್ಪಾಗಿ ತಡೆದಿದ್ದರೆ ಯಾರನ್ನು ಕೇಳಬೇಕು ಎಂಬ ಮೂರೇ ವಿಷಯ. ಕಚೇರಿಯ ಗುಮಾಸ್ತರಿಗೂ ನಮಗೂ ಅದೇ ಹಾಳೆ, ಅದೇ ನಿಯಮ. ಆ ಆರೋಗ್ಯ ತಾಣ ತೆರೆದುಕೊಂಡಿದೆ. ‘ಸಾರ್, ಇದು ಪಾಠಕ್ಕೆ ಬೇಕಿತ್ತು’ ಎಂದು ಮಕ್ಕಳು ಬಂದು ಕೇಳುತ್ತಾರೆ. ಕೇಳುವ ಮಗುವಿಗೆ ನುಸುಳುವ ಅಗತ್ಯ ಕಡಿಮೆ.

ಪಾಲಕರೇ, ಮಗುವಿನ ಕೈಯಲ್ಲಿರುವ ಫೋನು ತನ್ನದೇ ಸಿಮ್ಮಿನಿಂದ ಹೊರಗೆ ಹೋಗುತ್ತದೆ, ನಮ್ಮ ಹೆಬ್ಬಾಗಿಲಿಗೆ ಅದು ಬರುವುದೇ ಇಲ್ಲ. ಅಲ್ಲಿ ಕೆಲಸಕ್ಕೆ ಬರುವುದು ನೀವು ಕೂತು ಆಡಿದ ಮಾತು. ಮನೆಯ ಫೋನಿಗೆ ಬೀಗ ಹಾಕಿ, ಬೇಡವೆನ್ನುವುದಿಲ್ಲ. ಹಾಕುವ ಮುನ್ನ ಆ ಹಾಳೆಯ ಮೂರು ಸಾಲನ್ನು ಮಗುವಿಗೆ ಹೇಳಿಬಿಡಿ.