ಉಜ್ಜಯಿನಿಯಿಂದ ಕುರುವತ್ತಿಯವರೆಗೆ

ಕೈಯಳತೆಯಲ್ಲಿರುವುದನ್ನು ಕಾಣದೆ ದೂರದ್ದನ್ನು ಅರಸುವುದು ಮನುಷ್ಯಸ್ವಭಾವ. ಅದಕ್ಕೆ ನಾವೂ ಹೊರತಲ್ಲ. ಅರುವತ್ತು ದಾಟಿದ ಮೇಲೆ, ಅದೂ ಮಿತ್ರರೊಬ್ಬರ ಒತ್ತಾಯದಿಂದ, ನಮ್ಮ ಸೀಮೆಯ ಕೆಲವು ಪುರಾತನ ಕ್ಷೇತ್ರಗಳನ್ನು ಒಂದೇ ದಿನದಲ್ಲಿ ಕಾಣುವ ಯೋಗ ನಮಗೆ ಒದಗಿತು. ಆ ಅನುಭವವನ್ನು ಓದುಗ ಬಂಧುಗಳಲ್ಲಿ ನಿವೇದಿಸಿಕೊಳ್ಳುತ್ತಿದ್ದೇವೆ.

ಈ ಮಿತ್ರರು ಮಠದ ಪ್ರಸಾದನಿಲಯದಲ್ಲಿ ನಮ್ಮ ಸಹಪಾಠಿಗಳು. ಹಗರಿಬೊಮ್ಮನಹಳ್ಳಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದು ನಿವೃತ್ತರಾದವರು. ಮಗಳ ಮನೆಗೆಂದು ಅಮೆರಿಕದ ಫಿಲಡೆಲ್ಫಿಯ ನಗರಕ್ಕೆ ಹೋಗಿದ್ದಾಗ, 1776ರಲ್ಲಿ ಆ ದೇಶದ ಸ್ವಾತಂತ್ರ್ಯ ಘೋಷಣೆಯನ್ನು ಅಂಗೀಕರಿಸಿದ ಸಭಾಭವನವನ್ನೂ, ಅದರ ಸಮೀಪದಲ್ಲಿರಿಸಿರುವ ಸ್ವಾತಂತ್ರ್ಯದ ಗಂಟೆಯನ್ನೂ ನೋಡಿ ಬಂದಿದ್ದರು.

“ಶಾಸ್ತ್ರಿಗಳೇ, ಬಿರುಕು ಬಿಟ್ಟ ಗಂಟೆ ಅದು. ಅದನ್ನು ನೋಡಲು ಜನ ಸಾಲುಗಟ್ಟಿ ನಿಲ್ಲುತ್ತಾರೆ. ನಾನು ಮೂವತ್ತು ವರ್ಷ ಮಕ್ಕಳಿಗೆ ಚಾಲುಕ್ಯರ ಶಿಲ್ಪದ ಹಿರಿಮೆ ಹೇಳಿದೆ, ಹತ್ತಿರದ ಬಾಗಳಿಯನ್ನೇ ನೋಡಲಿಲ್ಲ” ಎಂದು ನೊಂದುಕೊಂಡರು. ಸ್ವಲ್ಪ ತಡೆದು, “ಕಣ್ಣಿನ ನರ ಸೊರಗುತ್ತಿದೆಯಂತೆ. ಹೋದ ದೃಷ್ಟಿ ಮರಳದೆಂದು ವೈದ್ಯರು ಹೇಳಿದ್ದಾರೆ. ಇರುವಾಗಲೇ ನೋಡಿಬಿಡೋಣ” ಎಂದರು. ನಮಗೆ ಎದುರುಮಾತು ತೋಚಲಿಲ್ಲ.

ಕಾರ್ತಿಕ ಮಾಸದ ಒಂದು ಬೆಳಿಗ್ಗೆ ಶಿವಪೂಜೆ ಮುಗಿಸಿ, ಕೂಡ್ಲಿಗಿಯ ಮತ್ತೊಬ್ಬ ಮಿತ್ರರನ್ನು ಕೂಡಿಕೊಂಡು ಬಾಡಿಗೆಯ ಕಾರಿನಲ್ಲಿ ಹೊರಟೆವು. ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರರ ದರ್ಶನ ಪಡೆದು, ಪಂಚಪೀಠಗಳಲ್ಲಿ ಒಂದಾದ ಉಜ್ಜಯಿನಿಯನ್ನು ಸೇರಿದೆವು.

ಹಂಪಿಯನ್ನು ಹೊರಗೆ ನೋಡು, ಉಜ್ಜಯಿನಿಯನ್ನು ಒಳಗೆ ನೋಡು ಎಂಬುದು ನಮ್ಮ ಕಡೆಯ ನಾಣ್ಣುಡಿ. ಮರುಳಸಿದ್ಧೇಶ್ವರ ದೇವಾಲಯದ ನಿಜವಾದ ಸೊಬಗು ಒಳಗಿನ ಕಂಬಗಳಲ್ಲಿ, ಮೇಲ್ಛಾವಣಿಯ ಸೂಕ್ಷ್ಮ ಕೆತ್ತನೆಯಲ್ಲಿ ಅಡಗಿದೆ. ಮಿತ್ರರಿಗೆ ಈಗ ಕೊಳವೆಯ ಮೂಲಕ ನೋಡಿದಂತೆ ನಟ್ಟನಡುವಿನದಷ್ಟೇ ಕಾಣುತ್ತದೆ. ಚಾಲಕನು ಮೊಬೈಲಿನ ಬೆಳಕು ಹಿಡಿದ. ಅವರು ತಲೆಯೆತ್ತಿ ಒಂದೊಂದು ಹೂವನ್ನು, ಒಂದೊಂದು ಬಳ್ಳಿಯನ್ನು ಬೇರೆಬೇರೆಯಾಗಿ ನೋಡುತ್ತ ಹೋದರು. ಒಂದು ತಾಸು ಕಳೆಯಿತು. ಜಾತ್ರೆಗೆಂದು ಎಷ್ಟೋ ಸಲ ಇಲ್ಲಿಗೆ ಬಂದಿದ್ದ ನಾವು ಒಮ್ಮೆಯೂ ಹೀಗೆ ಕತ್ತೆತ್ತಿ ನೋಡಿರಲಿಲ್ಲವೆಂಬುದು ಆಗ ಅರಿವಾಗಿ ನಾಚಿಕೆಯೆನಿಸಿತು.

ಹರಪನಹಳ್ಳಿಯ ಖಾನಾವಳಿಯಲ್ಲಿ ಜೋಳದ ರೊಟ್ಟಿಯ ಊಟ ಮುಗಿಸಿ ಬಾಗಳಿಗೆ ನಡೆದೆವು. ರಾಷ್ಟ್ರಕೂಟರ ಕೊನೆಗಾಲದಲ್ಲಿ ಮೊದಲಾಗಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ವಿಸ್ತಾರಗೊಂಡ ದೇವಾಲಯ ಇಲ್ಲಿಯ ಕಲ್ಲೇಶ್ವರ. ಇಮ್ಮಡಿ ತೈಲಪನ ಕಾಲದ, ಕ್ರಿ.ಶ. 987ರ ಶಾಸನವು ದುಗ್ಗಿಮಯ್ಯನೆಂಬವನನ್ನು ಹೆಸರಿಸುತ್ತದೆ. ತೆರೆದ ಸಭಾಮಂಟಪದಲ್ಲಿ ಸುಮಾರು ಐವತ್ತು ಕಂಬಗಳು. ಸಾವಿರ ವರ್ಷ ಕಳೆದ ಆ ಕಂಬಗಳ ನಡುವೆ ಅಂದು ನಾವು ಮೂವರಲ್ಲದೆ ಬೇರೆ ಪ್ರೇಕ್ಷಕರಿರಲಿಲ್ಲ. ಫಿಲಡೆಲ್ಫಿಯದ ಜನರ ಸಾಲು ನೆನಪಾಯಿತು.

ಕೂಡ್ಲಿಗಿಯ ಮಿತ್ರರು ಒಂದು ಸಂದೇಹ ತೆಗೆದರು: “ಶರೀರವನ್ನೇ ಗುಡಿಯೆಂದು ತಿಳಿದ ಶರಣರ ಮಾರ್ಗದವರು ನಾವು. ಕಲ್ಲಿನ ಗುಡಿಗೆ ಇಷ್ಟು ಮರುಳಾಗಬಹುದೆ?” ನಮಗೆ ತೋಚಿದ್ದನ್ನು ಹೇಳಿದೆವು: “ನಾವು ಕೈಮುಗಿಯುವುದು ಇದನ್ನು ಕಡೆದವರ ಶ್ರಮಕ್ಕೆ. ಕಟ್ಟಿಸಿದವನ ಹೆಸರು ಶಾಸನದಲ್ಲಿದೆ. ಬಿಸಿಲಿನಲ್ಲಿ ಕುಳಿತು ಉಳಿ ಹಿಡಿದವರ ಹೆಸರು ಯಾರ ಬಾಯಲ್ಲಿದೆ? ಕಾಯಕದ ಘನತೆಯನ್ನು ಶರಣರು ಸಾರುವುದಕ್ಕೆ ಒಂದೂವರೆ ಶತಮಾನ ಮೊದಲೇ ಈ ಕೈಗಳು ಅದನ್ನು ಮಾಡಿ ತೋರಿಸಿವೆ.” ಅವರು ಒಪ್ಪಿ ತಲೆದೂಗಿದರು.

ಇಳಿಹೊತ್ತಿಗೆ ತುಂಗಭದ್ರೆಯ ದಂಡೆಯ ಕುರುವತ್ತಿಯಲ್ಲಿದ್ದೆವು. ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರನ್ನೂ ದೊಡ್ಡ ಬಸವಣ್ಣನನ್ನೂ ನೋಡಿ ಹೊಳೆಯ ಬಳಿ ಕುಳಿತೆವು. ಚಾಲುಕ್ಯ ಚಕ್ರವರ್ತಿ ಆಹವಮಲ್ಲ ಸೋಮೇಶ್ವರನು ವಾಸಿಯಾಗದ ಬೇನೆಯಿಂದ ಬಳಲಿ, 1068ರಲ್ಲಿ ಇದೇ ಕುರುವತ್ತಿಯಲ್ಲಿ ಹೊಳೆಗಿಳಿದು ದೇಹತ್ಯಾಗ ಮಾಡಿದನು. ಈ ಸಂಗತಿಯನ್ನು ನಾವು ಎತ್ತಬಾರದೆಂದುಕೊಂಡಿದ್ದೆವು; ಮಿತ್ರರೇ ಎತ್ತಿದರು. “ಆ ದೊರೆಗೆ ಬೇನೆ ತಾಳಲಾಗಲಿಲ್ಲ. ನನಗೆ ಹಾಗಲ್ಲ ಶಾಸ್ತ್ರಿಗಳೇ. ಇಂದು ಕಂಡದ್ದನ್ನು ಮೊಮ್ಮಕ್ಕಳಿಗೆ ಹೇಳುವ ಕೆಲಸ ಬಾಕಿಯಿದೆ” ಎಂದು ನಕ್ಕರು. ಬೆಳಗಿನಿಂದ ನಮ್ಮೆದೆಯಲ್ಲಿದ್ದ ಭಾರ ಅಷ್ಟರಲ್ಲಿ ಹಗುರಾಯಿತು.

ಮರಳುವಾಗ ಹೂವಿನ ಹಡಗಲಿ ಸೇರುವ ಹೊತ್ತಿಗೆ ಕತ್ತಲಾಗಿತ್ತು. ಕತ್ತಲಲ್ಲಿ ಮಿತ್ರರ ಕಣ್ಣು ಏನೂ ಕಾಣದು. ಆದರೂ, “ಮಲ್ಲಿಗೆ ಬಂತು, ಕಾರು ನಿಲ್ಲಿಸಪ್ಪಾ” ಎಂದು ಮೊದಲು ಹೇಳಿದವರು ಅವರೇ. ಮನೆಯವರಿಗೆಂದು ನಾಲ್ಕು ಮೊಳ ಮಾಲೆ ಕೊಂಡರು.

ಬಂಧುಗಳೇ, 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿಯೇ ಈ ಊರುಗಳೆಲ್ಲ ಇವೆ. ಬೆಳಿಗ್ಗೆ ಹೊರಟರೆ ರಾತ್ರಿಗೆ ಮನೆ ಸೇರಬಹುದು. ರಜೆಯ ಒಂದು ದಿನ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಿ ಬನ್ನಿರಿ. ಅವಸರ ಮಾಡದೆ ಒಳಗೆ ನಿಂತು, ತಲೆಯೆತ್ತಿ ನೋಡಿರಿ. ನಮ್ಮ ಮಿತ್ರರು ಈಗ ಅಕ್ಷರ ಓದಲಾರರು. ಈ ಬರಹವನ್ನು ಅವರಿಗೆ ಅವರ ಸೊಸೆ ಓದಿ ಹೇಳುವಳು. ತಪ್ಪಿದ್ದರೆ ಮೇಷ್ಟ್ರು ತಿದ್ದುವರು.