ಹೆದರಿಕೆ ಮೊದಲು ಕಿವಿಗೆ

ಪತ್ರಿಕೋದ್ಯಮವನ್ನೋ ದೃಶ್ಯಮಾಧ್ಯಮವನ್ನೋ ಓದುವ ಹುಡುಗ ಹುಡುಗಿಯರಿಗೆ ಒಂದೂವರೆ ನಿಮಿಷದ ಹಾರರ್ ಟ್ರೈಲರ್ ಮಾಡಿಕೊಂಡು ಬನ್ನಿ ಎಂದು ಮೇಷ್ಟ್ರು ಹೇಳಿದ ಕೂಡಲೇ ಶುರುವಾಗುವುದು ಬಿಳಿ ಸೀರೆಯ ಹುಡುಕಾಟ. ಆಮೇಲೆ ಉದ್ದ ಕೂದಲಿನ ಗೆಳತಿ, ಕಣ್ಣ ಸುತ್ತ ಬಳಿಯಲು ಕಾಡಿಗೆ, ಕುಂಕುಮ ಕಲಸಿದ ನೀರು, ಊರಾಚೆಯ ಪಾಳು ಮನೆ. ಕತೆ ಏನೆಂಬುದು ಇನ್ನೂ ತೀರ್ಮಾನವಾಗಿರುವುದಿಲ್ಲ, ದೆವ್ವ ಮಾತ್ರ ತಯಾರು. ಶೂಟಿಂಗ್ ಮುಗಿದು ಎಡಿಟಿಂಗಿಗೆ ಕೂತ ಕೊನೆಯ ರಾತ್ರಿ ಯಾರಿಗೋ ಶಬ್ದದ ನೆನಪಾಗುತ್ತದೆ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಒಂದು ಕಿರುಚಾಟ, ಒಂದು ‘ಢಂ’ ತಂದು ಅಂಟಿಸಿದರೆ ಕೆಲಸ ಮುಗಿಯಿತು. ಈ ಕ್ರಮವೇ ತಲೆಕೆಳಗು ಎಂಬುದು ನನ್ನ ವಾದ. ಹೆದರಿಕೆ ಮನುಷ್ಯನೊಳಕ್ಕೆ ಮೊದಲು ಇಳಿಯುವುದು ಕಿವಿಯಿಂದ. ಟ್ರೈಲರ್‌ನ ಯೋಜನೆಯೂ ಅಲ್ಲಿಂದಲೇ ಶುರುವಾಗಬೇಕು. ಶಬ್ದವನ್ನು ಮೊದಲು ಬರೆದು, ಮೊದಲು ರೆಕಾರ್ಡ್ ಮಾಡಿ, ಕತ್ತಲಲ್ಲಿ ಕೇಳಿದವರು ಒಮ್ಮೆ ಹಿಂದಿರುಗಿ ನೋಡಿದ ಮೇಲೆಯೇ ಕ್ಯಾಮೆರಾ ಹೊರತೆಗೆಯಬೇಕು.

ಇದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಸ್ಥಳಕ್ಕೆ ಬರುವ ರೀತಿಯನ್ನು ನೆನಪಿಸಿಕೊಳ್ಳಿ. ಮಹಿಷಾಸುರ ಚೌಕಿಯಿಂದ ನೆಟ್ಟಗೆ ನಡೆದು ಬಂದು ನಿಲ್ಲುವುದಿಲ್ಲ. ಮೊದಲು ಚೆಂಡೆಯ ಪೆಟ್ಟು ಬದಲಾಗುತ್ತದೆ. ತೂಕಡಿಸುತ್ತಿದ್ದ ಮಕ್ಕಳು ಎದ್ದು ಕೂರುತ್ತಾರೆ. ಆಮೇಲೆ ಸಭೆಯ ಬೆನ್ನ ಹಿಂದಿನಿಂದ, ಕತ್ತಲಿನಿಂದ, ಒಂದು ಆರ್ಭಟ. ಎಲ್ಲರ ಕುತ್ತಿಗೆಯೂ ಆ ಕಡೆಗೆ ತಿರುಗುವ ಹೊತ್ತಿಗೆ ದೊಂದಿಗೆ ಎರಚಿದ ರಾಳದ ಪುಡಿ ಭುಗ್ಗೆಂದು ಹೊತ್ತಿ, ಆ ಬೆಳಕಿನಲ್ಲಿ ಕೊಂಬು ಕಂಡೂ ಕಾಣದಂತೆ ಮಿಂಚಿ ಮಾಯವಾಗುತ್ತದೆ. ಇನ್ನು ತೆರೆಯ ಹಿಂದಿನ ಒಡ್ಡೋಲಗದಲ್ಲಾದರೆ ಇಬ್ಬರು ಹಿಡಿದ ಬಟ್ಟೆಯ ಮೇಲ್ಗಡೆ ಕಿರೀಟದ ತುದಿಯಷ್ಟೇ ಕಾಣುತ್ತದೆ. ಮುಖ ಕಾಣಲು ಕಾಯಬೇಕು. ಗಂಟೆಗಟ್ಟಲೆ ಕೂತು ಬರೆದ ಮುಖವರ್ಣಿಕೆಯನ್ನು ಕಲಾವಿದ ಇಷ್ಟು ಹೊತ್ತು ಬಚ್ಚಿಡುತ್ತಾನಲ್ಲ, ಆ ತಾಳ್ಮೆಯನ್ನು ನಾವು ಗೌರವದಿಂದ ಗಮನಿಸಬೇಕು. ಒಂದು ಟ್ರೈಲರ್ ಮಾಡಬೇಕಾದ ಕೆಲಸವೂ ಅಷ್ಟೇ. ಶಬ್ದದಿಂದ ಕತ್ತು ತಿರುಗಿಸಬೇಕು, ಬೆಳಕಿನಿಂದ ಅರೆಬರೆ ತೋರಿಸಬೇಕು, ಮುಖ ಕಾಣುವ ಮುಂಚೆ ತೆರೆ ಎಳೆಯಬೇಕು.

ಸಿನಿಮಾದವರೂ ಇದನ್ನೇ ಕಂಡುಕೊಂಡರು. 1960ರ ‘ಸೈಕೋ’ ಚಿತ್ರಕ್ಕೆ ಆಲ್‌ಫ್ರೆಡ್ ಹಿಚ್‌ಕಾಕ್ ಮಾಡಿದ ಟ್ರೈಲರ್ ಆರು ನಿಮಿಷಕ್ಕೂ ಉದ್ದ. ಅದರಲ್ಲಿ ಕೊಲೆಗಾರನಿಲ್ಲ. ಖಾಲಿ ಮೋಟೆಲಿನ ಕೋಣೆಗಳಲ್ಲಿ ಸ್ವತಃ ನಿರ್ದೇಶಕ ಓಡಾಡುತ್ತಾ, ಇಲ್ಲಿ ಹೀಗಾಯಿತು, ಅಲ್ಲಿ ಹಾಗಾಯಿತು ಎಂದು ಅರ್ಧರ್ಧ ಹೇಳಿ ನಿಲ್ಲಿಸುತ್ತಾ, ಕೊನೆಗೆ ಸ್ನಾನದ ಕೋಣೆಯ ಪರದೆ ಸರಿಸುತ್ತಾನೆ. ಒಂದು ಚೀತ್ಕಾರ, ಅಷ್ಟೇ. ಆ ಚಿತ್ರದಲ್ಲಿ ಚಾಕು ಇಳಿಯುವ ಸದ್ದಿಗೆ ಬಳಸಿದ್ದು ಕರಬೂಜ ಜಾತಿಯ ಒಂದು ಹಣ್ಣನ್ನು ಇರಿದ ಸದ್ದು. ಸ್ನಾನದ ಕೋಣೆಯ ಕೊಲೆಗೆ ಸಂಗೀತವೇ ಬೇಡ ಎಂದಿದ್ದ ಹಿಚ್‌ಕಾಕ್, ಬರ್ನಾರ್ಡ್ ಹರ್ಮನ್ ರಚಿಸಿದ ಪಿಟೀಲುಗಳ ಚೀರಾಟ ಕೇಳಿದ ಮೇಲೆ ಮನಸ್ಸು ಬದಲಾಯಿಸಿದ. 1975ರ ‘ಜಾಸ್’ನಲ್ಲಿ ಯಂತ್ರದ ಶಾರ್ಕ್ ಸಮುದ್ರದ ನೀರಿಗೆ ಪದೇ ಪದೇ ಕೆಟ್ಟು ನಿಂತದ್ದರಿಂದ ಸ್ಟೀವನ್ ಸ್ಪೀಲ್‌ಬರ್ಗ್ ಅದನ್ನು ಬಹಳ ಹೊತ್ತು ಕಣ್ಣಿಗೆ ಬೀಳದಂತೆ ಇಡಬೇಕಾಯಿತು. ಆ ಖಾಲಿ ಜಾಗವನ್ನು ತುಂಬಿದ್ದು ಜಾನ್ ವಿಲಿಯಮ್ಸ್ ಅವರ ಎರಡು ಸ್ವರಗಳು. ಎರಡೇ ಸ್ವರ! ಹೊಸ ಕ್ಯಾಮೆರಾ ಕೊಳ್ಳಲು ದುಡ್ಡಿಲ್ಲ ಎಂದು ಕೊರಗುವ ವಿದ್ಯಾರ್ಥಿ ತಂಡ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಹಾಗಾದರೆ ಯೋಜನೆಯ ಕಾಗದ ಹೇಗಿರಬೇಕು? ಒಂದು ಹಾಳೆಯ ಮಧ್ಯೆ ಗೆರೆ ಎಳೆದು ಎಡಗಡೆ ಸೆಕೆಂಡುಗಳನ್ನೂ ಬಲಗಡೆ ಕೇಳಿಸುವುದನ್ನೂ ಬರೆಯಿರಿ. ಕಾಣಿಸುವುದಕ್ಕೆ ಸದ್ಯಕ್ಕೆ ಜಾಗವೇ ಬೇಡ. 0ರಿಂದ 12: ಹಳೆಯ ಸೀಲಿಂಗ್ ಫ್ಯಾನಿನ ಟಕ್ ಟಕ್. 12ರಿಂದ 15: ಕರೆಂಟು ಹೋಗಿ ಫ್ಯಾನ್ ನಿಧಾನಕ್ಕೆ ನಿಲ್ಲುವುದು. 15ರಿಂದ 18: ಏನೂ ಇಲ್ಲ. ಈ ಮೂರು ಸೆಕೆಂಡಿನ ‘ಏನೂ ಇಲ್ಲ’ವನ್ನು ಕಾಗದದ ಮೇಲೆ ಬರೆದುಕೊಳ್ಳದಿದ್ದರೆ ಎಡಿಟಿಂಗಿನಲ್ಲಿ ಅದು ಉಳಿಯುವುದೇ ಇಲ್ಲ, ಖಾಲಿ ಬಿಟ್ಟರೆ ನೋಡುವವರು ಎದ್ದು ಹೋಗುತ್ತಾರೆಂಬ ಆತಂಕದಲ್ಲಿ ಯಾರಾದರೂ ಅಲ್ಲಿಗೆ ಸಂಗೀತ ತುಂಬಿಬಿಡುತ್ತಾರೆ. ಸದ್ದುಗಳನ್ನು ಅಂತರ್ಜಾಲದಿಂದ ಇಳಿಸಿಕೊಳ್ಳಬೇಡಿ, ಮನೆಯಲ್ಲೇ ಹುಟ್ಟಿಸಿ. ಮರದ ಬಾಗಿಲಿನ ಅಗುಳಿ ಸರಿಯುವ ಸದ್ದು ಯಾವ ವಿದೇಶಿ ಕಡತದಲ್ಲೂ ಸಿಗುವುದಿಲ್ಲ. ಒಣಗಿದ ಅಡಿಕೆ ಹಾಳೆಯನ್ನು ಸಿಮೆಂಟ್ ನೆಲದ ಮೇಲೆ ಎಳೆದರೆ ಯಾರೋ ಕಾಲೆಳೆದು ನಡೆದಂತೆ ಕೇಳುತ್ತದೆ. ಎಳೆಯ ಮೂಲಂಗಿಯನ್ನು ಮೈಕಿನ ಹತ್ತಿರ ಲಟಕ್ಕನೆ ಮುರಿದರೆ ಮೂಳೆ ನೆನಪಾಗುತ್ತದೆ. ಮೊಬೈಲನ್ನು ಕಂಬಳಿಗಳ ಮಧ್ಯೆ ಇಟ್ಟು ರೆಕಾರ್ಡ್ ಮಾಡಿದರೆ ಬೀದಿಯ ಆಟೋ ಸದ್ದು ತಗ್ಗಿ ಉಸಿರು ದಪ್ಪಗೆ ಕೇಳಿಸುತ್ತದೆ.

ಈಗಿನವರು ಮೊಬೈಲಿನಲ್ಲಿ ಸದ್ದು ಆಫ್ ಮಾಡಿಕೊಂಡೇ ನೋಡುತ್ತಾರೆ, ನಿಮ್ಮ ಅಗುಳಿಯ ಸದ್ದನ್ನು ಯಾರು ಕೇಳುತ್ತಾರೆ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಆದರೆ ಶಬ್ದವನ್ನು ಮೊದಲು ಕಟ್ಟಿಕೊಂಡವರ ದೃಶ್ಯವೂ ಬೇರೆಯಾಗಿಬಿಡುತ್ತದೆ. ಆಗ ನಟಿಗೆ ಕಿರುಚು ಎಂದು ಹೇಳಬೇಕಾಗಿಲ್ಲ, ಕೇಳಿಸಿಕೋ ಎಂದರೆ ಸಾಕು. ತುತ್ತು ಬಾಯಿಯ ಹತ್ತಿರ ತಂದವಳು ಕೈ ಅಲ್ಲೇ ನಿಲ್ಲಿಸಿ, ಗೋಡೆಯ ಕಡೆಗೆ ಕಿವಿ ಕೊಟ್ಟು ಕೂತ ಮುಖವನ್ನು ಸದ್ದಿಲ್ಲದೆ ನೋಡಿದರೂ ನೋಡುವವನ ಬೆರಳು ತಾನಾಗಿ ಸದ್ದಿನ ಗುಂಡಿಗೆ ಹೋಗುತ್ತದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಏನನ್ನೂ ತೋರಿಸದ ಟ್ರೈಲರ್ ಏನನ್ನೂ ಹೇಳದ ಟ್ರೈಲರ್ ಆಗುವುದಿಲ್ಲವೇ? ಆಗುತ್ತದೆ. ಬರೀ ಕತ್ತಲು, ಬರೀ ಉಸಿರು, ಕೊನೆಗೆ ‘ಶೀಘ್ರದಲ್ಲಿ’ ಎಂಬ ಅಕ್ಷರ, ಇಂಥವು ಬೇಕಾದಷ್ಟಿವೆ. ಅದಕ್ಕೆ ಒಂದು ಗಟ್ಟಿ ವಸ್ತುವನ್ನು ನೋಡುವವರ ಕೈಗೆ ಕೊಡಲೇಬೇಕು. ದೆವ್ವದ ಮುಖ ಬೇಡ, ಕತೆಯ ಒಂದು ನಿಯಮ ಸಾಕು. ರಾತ್ರಿ ಹೆಸರು ಹಿಡಿದು ಯಾರು ಕರೆದರೂ ಮೂರನೆಯ ಸಲದವರೆಗೆ ಓಗೊಡಬಾರದು ಎಂದು ನಮ್ಮ ಅಜ್ಜಿಯಂದಿರು ಹೇಳುವುದಿಲ್ಲವೇ, ಅಂಥದ್ದು. ನಿಯಮ ತಿಳಿದವನು ಎಣಿಸತೊಡಗುತ್ತಾನೆ. 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಇಡೀ ಚಿತ್ರದಲ್ಲಿ ಮಾಟಗಾತಿಯನ್ನು ಒಮ್ಮೆಯೂ ತೋರಿಸಲಿಲ್ಲ. ಡೇರೆಯ ಹೊರಗಿನ ರಾತ್ರಿಯ ಸದ್ದುಗಳೇ ಅದನ್ನು ದಡ ಮುಟ್ಟಿಸಿದವು. ಕನ್ನಡದಲ್ಲಿ 2013ರಲ್ಲಿ ಬಂದ ‘6-5=2’ ಅದೇ ದಾರಿ ಹಿಡಿದು ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲೇ ಕತೆ ಹೇಳಿತು.

ಬೆಚ್ಚಿಬೀಳಿಸುವುದನ್ನೇ ಹೆದರಿಸುವುದೆಂದು ತಿಳಿದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೂ ನಮ್ಮಲ್ಲೇ ಸಾಕ್ಷಿ ಇದೆ. 2019ರ ನವೆಂಬರಿನಲ್ಲಿ ಬೆಂಗಳೂರಿನ ಯಶವಂತಪುರದ ಕಡೆ ಕೆಲವು ಯುವಕರು ಯೂಟ್ಯೂಬ್ ವಿಡಿಯೊಗಾಗಿ ದೆವ್ವದ ವೇಷ ತೊಟ್ಟು ನಡುರಾತ್ರಿ ಕಳೆದ ಮೇಲೆ ದಾರಿಹೋಕರ ಮೇಲೆ ನುಗ್ಗಿದರು, ಪೊಲೀಸರು ಬಂಧಿಸಿದರು. ಯಾವ ಎದೆನೋವಿನವರು ಆ ದಾರಿಯಲ್ಲಿ ಬರುತ್ತಿದ್ದರೋ ಯಾರಿಗೆ ಗೊತ್ತು. ಒಪ್ಪಿಗೆ ಕೊಡದವರನ್ನು ಹೆದರಿಸುವುದು ಸಿನಿಮಾ ಅಲ್ಲ, ಹಿಂಸೆ. ಬಿಳಿ ಸೀರೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು: ಗಂಡ ಸತ್ತವಳ ಗುರುತೆಂದು ನಮ್ಮ ಸಿನಿಮಾಗಳೇ ಬಳಸಿದ ಉಡುಪನ್ನು ದೆವ್ವಕ್ಕೂ ಉಡಿಸುವಾಗ ನಾವು ಯಾರ ದುಃಖವನ್ನು ಯಾರಿಗೆ ಗುಮ್ಮನಾಗಿ ತೋರಿಸುತ್ತಿದ್ದೇವೆ ಎಂದು ತಂಡದಲ್ಲಿ ಒಬ್ಬರಾದರೂ ಕೇಳಬೇಕು.

ಈ ವಾದವನ್ನು ಒಂದೇ ಬಾಗಿಲಿನ ಮೇಲೆ ಪರೀಕ್ಷಿಸಬಹುದು. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಹಬ್ಬಿದ ‘ನಾಳೆ ಬಾ’ ಕತೆ ನಮಗೆಲ್ಲ ಗೊತ್ತು. 2018ರ ಹಿಂದಿ ಚಿತ್ರ ‘ಸ್ತ್ರೀ’ ಕೂಡ ಅದನ್ನೇ ಎತ್ತಿಕೊಂಡಿತು. ರಾತ್ರಿ ಬಾಗಿಲು ತಟ್ಟಿ ಮನೆಯವರದೇ ದನಿಯಲ್ಲಿ ಕರೆಯುತ್ತದೆ, ತೆರೆದವರು ಉಳಿಯುವುದಿಲ್ಲ, ಅದಕ್ಕೇ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿಡಬೇಕು. ಈ ಕತೆಯ ದೆವ್ವಕ್ಕೆ ರೂಪವೇ ಮುಖ್ಯವಲ್ಲ, ಅದರ ಆಯುಧ ದನಿ. ಟ್ರೈಲರ್ ಹೀಗೆ ಕಟ್ಟಿ: ಮುಸ್ಸಂಜೆ ಒಬ್ಬ ಹುಡುಗಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಆ ಎರಡು ಪದ ಬರೆಯುತ್ತಾಳೆ, ಸುಣ್ಣ ಮರಕ್ಕೆ ಉಜ್ಜುವ ಸದ್ದು. ರಾತ್ರಿ, ಫ್ಯಾನು, ಕರೆಂಟು ಹೋದ ಮೌನ. ಹೊರಗಿನಿಂದ ಅಮ್ಮನ ದನಿ, ‘ಪುಟ್ಟೀ, ಬಾಗ್ಲು ತೆಗಿಯೇ.’ ಹುಡುಗಿ ಅಲುಗಾಡುವುದಿಲ್ಲ. ದನಿ ನಿಲ್ಲುತ್ತದೆ. ಆಮೇಲೆ ಬಾಗಿಲಿನ ಆ ಬದಿಯಲ್ಲಿ ಒದ್ದೆ ಬಟ್ಟೆಯಿಂದ ಏನನ್ನೋ ಮೆಲ್ಲಗೆ ಒರೆಸುವ ಸದ್ದು. ಅದೇನೆಂದು ಅವಳಿಗೂ ತಿಳಿಯದು, ನಮಗೂ ತಿಳಿಯದು. ಬೆಳಿಗ್ಗೆ ಬಾಗಿಲು ತೆರೆಯುತ್ತದೆ. ‘ನಾಳೆ’ ಅಳಿಸಿಹೋಗಿದೆ. ‘ಬಾ’ ಮಾತ್ರ ಉಳಿದಿದೆ.

ಇದಕ್ಕೆ ಮೇಕಪ್ ಬೇಡ, ಪಾಳು ಮನೆ ಬೇಡ, ಒಂದು ತುಂಡು ಸೀಮೆಸುಣ್ಣ ಮತ್ತು ಒಬ್ಬರ ದನಿ ಸಾಕು. ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ಮುಂದಿನ ಸಲ ಸ್ಟೋರಿಬೋರ್ಡ್ ಕೇಳುವುದಕ್ಕೆ ಮುಂಚೆ ತಂಡದಿಂದ ತೊಂಬತ್ತು ಸೆಕೆಂಡಿನ ಶಬ್ದವನ್ನು ಮಾತ್ರ ಕೇಳಿ. ತರಗತಿಯ ಕಿಟಕಿ ಮುಚ್ಚಿ, ದೀಪ ಆರಿಸಿ, ಎಲ್ಲ ಮಕ್ಕಳನ್ನೂ ಕೂರಿಸಿಕೊಂಡು ಕೇಳಿ.